ಜೇಕು: ಗುದ್ದಲಿ ಯಾವಾಗ, ಕುಡುಗೋಲು ಯಾವಾಗ

ಹಿತ್ತಲಿನ ಕಳೆಗಳಲ್ಲಿ ಜೇಕಿನಷ್ಟು ಹಟಮಾರಿ ಇನ್ನೊಂದಿಲ್ಲ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಪುಸ್ತಕ ಬರೆದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಜನ ಹುಲ್ಲು ಅಂದರೂ ಇದು ಗರಿಕೆಯ ಕುಲದ್ದಲ್ಲ. ಹೂದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಏಣು ಕೈಗೆ ತಾಗುತ್ತವೆ. ಹಿಡಿದೆಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ. ಘಮ್ಮೆನ್ನುವ ಕಪ್ಪು ಗಡ್ಡೆ, ಆಯುರ್ವೇದದವರ ಭದ್ರಮುಷ್ಟಿ, ನೆಲದಲ್ಲೇ ಉಳಿಯುತ್ತದೆ. ಆ ಗಡ್ಡೆಗಳು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತುದಿಯದು ಚಿಗುರಿದಾಗ ಹಿಂದಿನವನ್ನು ಮಲಗಿಸಿಡುತ್ತದೆ. ಮಳೆಗಾಲದಲ್ಲಿ ಗುದ್ದಲಿ ಹಾಕಿ ದಾರ ಕಡಿದಿರೋ, ಮಲಗಿದ್ದ ಒಂದೊಂದು ಗಡ್ಡೆಯೂ ಎದ್ದು ನಿಲ್ಲುತ್ತದೆ. ಹಾಗಾಗಿ ಹಸಿ ನೆಲದಲ್ಲಿ ಒಮ್ಮೆ ಅಗೆದು ಕೈಬಿಡುವುದೆಂದರೆ ಜೇಕನ್ನು ನೆಟ್ಟ ಹಾಗೆಯೇ.

ಗಡ್ಡೆಗೆ ಎರಡು ದೌರ್ಬಲ್ಯ: ಒಣಗಿದರೆ ಸಾಯುತ್ತದೆ, ನೆರಳಲ್ಲಿ ಸೊರಗುತ್ತದೆ. ಕಡೂರಿನ ಬಯಲಲ್ಲಿ ಬೇಸಿಗೆಯ ಬಿಸಿಲೇ ಮದ್ದು. ಹೊಲದ ಮಾಗಿ ಉಳುಮೆಯ ಲೆಕ್ಕವೇ ಹಿತ್ತಲಿಗೂ ಸಲ್ಲುತ್ತದೆ: ನೀರು ನಿಲ್ಲಿಸಿ, ಮಾರ್ಚ್‌ನಲ್ಲಿ ಒಂದು ಗೇಣು ಆಳ ಅಗೆದು, ಹೆಂಟೆ ತಿರುವುತ್ತಾ ಒಣಗಿಸಬೇಕು. ಅಜ್ಜಂಪುರದ ಎರೆಮಣ್ಣಿನಲ್ಲಿ ಹೆಂಟೆ ಒಡೆಯದಿದ್ದರೆ ಒಳಗಿನ ಗಡ್ಡೆ ತೇವದಲ್ಲೇ ಬದುಕಿಬಿಡುತ್ತದೆ. ತರೀಕೆರೆ ಕಡೆ, ಭದ್ರಾ ನೀರು ಹರಿಯುವಲ್ಲಿ, ನೆಲ ಒಣಗುವುದನ್ನು ಕಾಯುವಂತಿಲ್ಲ. ಅಲ್ಲಿ ಕುಡುಗೋಲಿನಿಂದ ಎರಡು ವಾರಕ್ಕೊಮ್ಮೆ ನೆಲಮಟ್ಟಕ್ಕೆ ಸವರಿ, ಹಲಸಂದೆ ಒತ್ತಾಗಿ ಬಿತ್ತಿ ನೆರಳು ಕಟ್ಟುವುದೇ ಸರಿ. ಎಲೆ ಅಡುಗೆ ಮಾಡಿ ಗಡ್ಡೆಗೆ ಬಡಿಸುವ ಮೊದಲೇ ಸವರಿದರೆ, ಪ್ರತಿ ಚಿಗುರಿಗೂ ಗಡ್ಡೆ ತನ್ನ ಗಂಟನ್ನೇ ಕರಗಿಸಬೇಕಾಗುತ್ತದೆ.

ಗ್ಲೈಫೋಸೇಟ್ ಹೊಡೆದರೆ ಒಂದೇ ದಿನದ ಕೆಲಸವಲ್ಲವೇ ಎನ್ನುವವರಿದ್ದಾರೆ. ಅದು ಎಲೆಯಿಂದ ಇಳಿದು ಚಿಗುರಿದ ಗಡ್ಡೆಯನ್ನು ಕೊಲ್ಲುತ್ತದೆ ನಿಜ. ಮಲಗಿರುವ ಗಡ್ಡೆಗಳಿಗೆ ಸರಿಯಾಗಿ ತಲುಪುವುದಿಲ್ಲ. ಮತ್ತೆ ಮತ್ತೆ ಹೊಡೆಯಬೇಕು, ಪಕ್ಕದ ಬದನೆ, ಮಲ್ಲಿಗೆಗೆ ಸಿಡಿದರೆ ಅವೂ ಒಣಗುತ್ತವೆ. ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಸೂಜಿಯಂಥ ಮೊಳಕೆ ಅದನ್ನೂ ತೂತು ಮಾಡಿ ಮೇಲೆ ಬರುತ್ತದೆ. ಪಾರದರ್ಶಕ ಹಾಳೆಯಡಿ ಬೆಳಕು ಕಂಡ ಮೊಳಕೆ ಅಲ್ಲೇ ಎಲೆ ಬಿಚ್ಚುವುದರಿಂದ ಚುಚ್ಚುವುದು ಕಡಿಮೆ, ಬೇಸಿಗೆಯಲ್ಲಿ ಕಾವೂ ಏರುತ್ತದೆ. ಇಷ್ಟೆಲ್ಲ ಪಾಡು ಯಾರಿಗೆ ಬೇಕು ಅನ್ನಿಸಬಹುದು. ಬೇಸರ ಸಹಜ, ಒಂದೆರಡು ವರ್ಷ ಹಿಡಿಯುವ ಕೆಲಸವಿದು. ಆದರೆ ಜೇಕಿನ ಬೀಜ ಮೊಳೆಯುವುದು ಅಪರೂಪ. ಹೊಸ ಜೇಕು ಬರುವುದು ಹೆಚ್ಚಾಗಿ ಗಡ್ಡೆ ಬೆರೆತ ಮಣ್ಣಿನ ಜೊತೆ. ಕೆರೆ ಗೋಡು ತರಿಸಿದರೆ ಅದನ್ನು ನೇರ ಪಾತಿಗೆ ಸುರಿಯದೆ, ಮೂಲೆಯಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಎರಡು ಮೂರು ವಾರ ಕಾದು ನೋಡಿ. ಹೊಳೆಯುವ ಹಸಿರು ಮೊನೆಗಳು ಎದ್ದರೆ ಆ ಗೋಡು ಪಾತಿಗೆ ಬೇಡ.