ಮೇಲೆ ಏಳದ ಎಂಜಿನ್, ತಪ್ಪಿಲ್ಲದ ಮೋಟಾರ್

ಬೋಟಿನ ಹಿಂದೆ ನೇತಾಡುವ ಔಟ್‌ಬೋರ್ಡ್ ಎಂಜಿನ್ ನೋಡಿರ್ತೀರಿ. ಅದನ್ನು ಒಂದು ಗುಂಡಿ ಒತ್ತಿ ಮೇಲೆ-ಕೆಳಗೆ ಬಾಗಿಸುವ ವ್ಯವಸ್ಥೆಯೇ ಪವರ್ ಟ್ರಿಮ್. ಓಡುವಾಗ ಸ್ವಲ್ಪ ಬಾಗಿಸಿದರೆ ಬೋಟಿನ ಮೂತಿ ಏಳುತ್ತದೆ ಅಥವಾ ಇಳಿಯುತ್ತದೆ. ನೀರು ಕಡಿಮೆ ಇರುವಲ್ಲಿ ಪೂರ್ತಿ ಎತ್ತಿಕೊಂಡರೆ ಪ್ರೊಪೆಲ್ಲರ್ ನೆಲಕ್ಕೆ ತಾಗುವುದಿಲ್ಲ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಇದು ಶೋಕಿ ಅಲ್ಲ. ಇಳಿತದ ಹೊತ್ತಿಗೆ ಮರಳದಿಬ್ಬ ಎಲ್ಲಿ ಸಿಗುತ್ತದೋ ಹೇಳಲಾಗದು.

ನನ್ನ ಮಾವ ಅಲ್ಲಿ ಪ್ರವಾಸಿಗರನ್ನು ಬೋಟಿನಲ್ಲಿ ಸುತ್ತಿಸುತ್ತಾರೆ. ಡಿಸೆಂಬರ್ ರಜೆಯ ವಾರದಲ್ಲಿ ಅವರ ಫೋನ್ ಬಂತು. "ಮೋಟಾರ್ ಹೋಯ್ತು ಅಂದ್ರು ಮಾರಾಯ, ಹೊಸದು ಹಾಕ್ಬೇಕಂತೆ." ಅಂದಾಜು ಐದಂಕಿ ದಾಟಿತ್ತು, ಮೋಟಾರ್ ಬರುವುದಕ್ಕೆ ಎರಡು ವಾರ. ಸೀಸನ್ ಅಷ್ಟರಲ್ಲಿ ಮುಗಿದೇ ಹೋಗುತ್ತದೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಾವಾ, ಕೆಳಗೆ ಇಳೀತದಾ?"

"ಇಳೀತದೆ. ಏರುದಿಲ್ಲ ಅಷ್ಟೇ."

ಹಾಗಾದರೆ ಮೋಟಾರ್ ಮೇಲಿನ ಅನುಮಾನ ಅಲ್ಲಿಗೇ ಮುಕ್ಕಾಲು ಹೋಯಿತು. ಏರಿಸುವುದೂ ಇಳಿಸುವುದೂ ಒಂದೇ ಮೋಟಾರ್. 12 ವೋಲ್ಟಿನ ಡಿಸಿ ಮೋಟಾರ್ ಅದು, ಎಣ್ಣೆಯ ಪಂಪನ್ನು ತಿರುಗಿಸುತ್ತದೆ. ಅದಕ್ಕೆ ಎರಡು ದಪ್ಪ ವಯರು, ಸಾಮಾನ್ಯವಾಗಿ ನೀಲಿ ಮತ್ತು ಹಸಿರು. ನೀಲಿಗೆ ಪ್ಲಸ್ ಕೊಟ್ಟರೆ ಮೇಲೆ, ಹಸಿರಿಗೆ ಕೊಟ್ಟರೆ ಕೆಳಗೆ. ಒಂದು ದಿಕ್ಕಿಗೆ ಚೆನ್ನಾಗಿ ತಿರುಗುವ ಮೋಟಾರ್ ಇನ್ನೊಂದು ದಿಕ್ಕಿಗೆ ಮಾತ್ರ ಸಾಯುವುದು ಅಪರೂಪ. ಬ್ಯಾಟರಿ, ಮುಖ್ಯ ಫ್ಯೂಸ್, ಮುಖ್ಯ ಅರ್ಥಿಂಗ್ ಕೂಡ ಸರಿ ಇವೆ ಅಂತಲೇ ಅರ್ಥ. ಅವು ಎರಡೂ ದಿಕ್ಕಿಗೂ ಬೇಕು.

ಶನಿವಾರ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಹೋದೆ. 'ಅಪ್' ಒತ್ತಿದರೆ 'ಟಿಕ್' ಅಂತ ಸದ್ದು. ಅಂದರೆ ಗುಂಡಿ ಕೆಲಸ ಮಾಡುತ್ತಿದೆ, ರಿಲೇಯ ಕಾಯಿಲ್ ಎಳೆಯುತ್ತಿದೆ. ಗುಂಡಿ ಒತ್ತಿಯೇ ಇಟ್ಟುಕೊಂಡು, ಬ್ಯಾಟರಿಯ ಮೈನಸ್‌ಗೆ ಮೀಟರಿನ ಕಪ್ಪು ಕಡ್ಡಿ ಹಚ್ಚಿ, ಕೆಂಪನ್ನು ನೀಲಿ ವಯರಿಗೆ ಮುಟ್ಟಿಸಿದೆ. 12 ವೋಲ್ಟ್ ಚಿಲ್ಲರೆ ಬಂತು. ಮೆಕ್ಯಾನಿಕ್ ಇಲ್ಲಿಗೇ ನಿಲ್ಲಿಸಿರಬೇಕು ಅನಿಸುತ್ತದೆ. ಕರೆಂಟ್ ಬರ್ತಿದೆ, ಮೋಟಾರ್ ತಿರುಗ್ತಿಲ್ಲ, ಹಾಗಾದ್ರೆ ಮೋಟಾರ್ ಹೋಗಿದೆ. ಕೇಳೋಕೆ ಸರಿಯಾಗೇ ಇದೆ. ಆದರೆ ಕರೆಂಟಿಗೆ ಬರುವ ದಾರಿ ಇದ್ದರೆ ಸಾಲದು, ಹೋಗುವ ದಾರಿಯೂ ಬೇಕು.

ಅದೇ ಹೊತ್ತಿಗೆ ಹಸಿರು ವಯರಿನಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಅಲ್ಲೂ 12!

ಇದರ ಗುಟ್ಟು ರಿಲೇಯ ಒಳಗಿದೆ. ಇಂಥ ವ್ಯವಸ್ಥೆಯಲ್ಲಿ ಏರಿಸಲು ಒಂದು, ಇಳಿಸಲು ಒಂದು ರಿಲೇ. ಸುಮ್ಮನಿರುವಾಗ ಎರಡೂ ತಮ್ಮ ತಮ್ಮ ವಯರನ್ನು ಮೈನಸ್‌ಗೆ ಜೋಡಿಸಿಕೊಂಡಿರುತ್ತವೆ. 'ಅಪ್' ಒತ್ತಿದಾಗ ಏರಿಸುವ ರಿಲೇ ಮಾತ್ರ ಪ್ಲಸ್‌ಗೆ ಹಾರುತ್ತದೆ, ಇಳಿಸುವ ರಿಲೇ ಸುಮ್ಮನೆ ಕೂತು ಕರೆಂಟಿಗೆ ವಾಪಸ್ ದಾರಿ ಕೊಡುತ್ತದೆ. ಅಂದರೆ ಬೋಟಿನ ಎಂಜಿನ್ ಏಳದಿರುವುದಕ್ಕೆ ಕಾರಣ ಇಳಿಸುವ ರಿಲೇ! ಅದರ ಸುಮ್ಮನಿರುವ ಸಂಪರ್ಕ ಸುಟ್ಟೋ ಕಿಲುಬು ಹಿಡಿದೋ ಕೆಟ್ಟಿತ್ತು. (ಆಫೀಸಿನಲ್ಲೂ ಅಷ್ಟೇ, ಎರರ್ ತೋರಿಸುವ ಫೈಲೇ ಬೇರೆ, ಬಗ್ ಇರುವ ಫೈಲೇ ಬೇರೆ.)

ಖಚಿತ ಮಾಡಿಕೊಳ್ಳುವುದು ಸುಲಭ. ಮಾವನ ಎಂಜಿನ್‌ನಲ್ಲಿ ಎರಡೂ ಒಂದೇ ನಂಬರಿನ, ಬಿಡಿಯಾಗಿ ಕಳಚುವ ರಿಲೇಗಳು. ಬ್ಯಾಟರಿಯ ಮೈನಸ್ ಕಳಚಿ, ರಿಲೇಗಳನ್ನು ಅದಲು-ಬದಲು ಮಾಡಿದೆವು. ಈಗ ಎಂಜಿನ್ ಏರಿತು, ಇಳಿಯಲಿಲ್ಲ. ದೋಷ ರಿಲೇಯ ಜೊತೆಗೇ ಆಚೆ ಹೋಗಿತ್ತು. ಸಾಕೆಟ್ಟಿನ ಪಿನ್ನುಗಳಲ್ಲೂ ಹಸಿರು ಕಿಲುಬು ಕಾಣುತ್ತಿತ್ತು, ಉಪ್ಪುಗಾಳಿಯ ಕೆಲಸ. ತಿಕ್ಕಿ ಒರೆಸಿ, ಹೊಸ ರಿಲೇ ಕೂರಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ಸವರಿದೆವು. ಮೋಟಾರಿನ ಅಂದಾಜಿನ ಮುಂದೆ ಖರ್ಚು ಲೆಕ್ಕಕ್ಕೇ ಇಲ್ಲ. ಕೆಲವು ಎಂಜಿನ್‌ಗಳಲ್ಲಿ ಎರಡೂ ರಿಲೇ ಒಂದೇ ಡಬ್ಬಿಯಲ್ಲಿರುತ್ತವೆ. ಅಲ್ಲಿ ಅದಲು-ಬದಲು ಆಗದು, ಮೀಟರನ್ನೇ ನಂಬಬೇಕು.

ಎರಡೂ ದಿಕ್ಕಿಗೆ ಸತ್ತಿದ್ದರೆ ಕಥೆ ಬೇರೆ: ಮೊದಲು ಬ್ಯಾಟರಿ, ಫ್ಯೂಸ್, ಅರ್ಥಿಂಗ್, ಆಮೇಲೆ ಮೋಟಾರಿನ ಕಾರ್ಬನ್ ಬ್ರಷ್. 'ಟಿಕ್' ಸದ್ದೇ ಇಲ್ಲದಿದ್ದರೆ ಗುಂಡಿಯ ಕಡೆ ಹುಡುಕಿ. ಮೋಟಾರ್ ಗುಂಯ್ ಅನ್ನುತ್ತಿದ್ದರೂ ಎಂಜಿನ್ ಅಲುಗದಿದ್ದರೆ ಅದು ವಿದ್ಯುತ್ತಿನ ದೋಷವೇ ಅಲ್ಲ. ಎಣ್ಣೆ ಕಡಿಮೆಯಾಗಿರಬಹುದು, ಇಲ್ಲವೇ ಬ್ರ್ಯಾಕೆಟ್ಟಿನ ಪಕ್ಕದ ರಿಲೀಸ್ ಸ್ಕ್ರೂ ಸಡಿಲ ಇರಬಹುದು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಪ್ಪದ್ದು ಹಾಕಬೇಡಿ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ. ಎತ್ತಿದ ಎಂಜಿನ್ ಕೆಳಗೆ ಕೈ ಹಾಕುವ ಮುಂಚೆ ಆಸರೆಯ ಲಿವರ್ ಬೀಳಿಸಿ.

ಭಾನುವಾರ ಬೆಳಿಗ್ಗೆ ಇಳಿತ. ಮಾವ ಮೊದಲ ಟ್ರಿಪ್ಪಿಗೆ ಎಂಟು ಜನರನ್ನು ಕೂರಿಸಿಕೊಂಡು ಹೊರಟರು, ದಿಬ್ಬದ ಹತ್ತಿರ ಎಂಜಿನ್ ಅರ್ಧ ಎತ್ತಿಕೊಂಡು.