ಕಡಲು ದಾಟುವ ಗುಲಾಬಿ ಈರುಳ್ಳಿ

ತುಮಕೂರು ರಸ್ತೆಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ದಾಟಿ ಟಿ. ದಾಸರಹಳ್ಳಿಗೆ ಬಂದರೆ ಎಂಟನೇ ಮೈಲಿಯ ಬಳಿ ಹೆಸರಘಟ್ಟ ರಸ್ತೆ ಕವಲೊಡೆಯುತ್ತದೆ. ಮನೆ, ಗ್ಯಾರೇಜು, ಅಂಗಡಿಗಳ ಸಾಲು ತೆಳುವಾದ ಮೇಲೆ ಆ ದಾರಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಕರೆದೊಯ್ಯುತ್ತದೆ. 1967ರಲ್ಲಿ ಹುಟ್ಟಿದ ಈ ಸಂಸ್ಥೆಗೂ ಮಲೇಷ್ಯಾ, ಸಿಂಗಪುರಗಳ ಅಡುಗೆಮನೆಗೂ ನಂಟು ಬೆಸೆದದ್ದು ಬೆಂಗಳೂರು ಗುಲಾಬಿ ಈರುಳ್ಳಿ.

ಗಡ್ಡೆ ಚಿಕ್ಕದು, ಬಣ್ಣ ಕಡುಗುಲಾಬಿ, ಖಾರ ಜಾಸ್ತಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕೆಂಪು ಮಣ್ಣು ಇದರ ತವರು. ದಪ್ಪ ಗಡ್ಡೆಗೇ ಒಗ್ಗಿರುವ ನಮ್ಮ ಮನೆಗಳಲ್ಲಿ ಇದನ್ನು ಕೇಳುವವರು ಕಡಿಮೆ. ಆಗ್ನೇಯ ಏಷ್ಯಾದಲ್ಲಿ ಮಾತ್ರ ಇದೇ ಬೇಕು. ಹಾಗಾಗಿ ಬೆಳೆಯ ಬಹುಪಾಲು ಚೆನ್ನೈ ಬಂದರಿನ ದಾರಿ ಹಿಡಿಯುತ್ತದೆ.

ರಫ್ತಿಗೆಂದೇ ಹೆಸರಘಟ್ಟದ ವಿಜ್ಞಾನಿಗಳು ಚಿಕ್ಕಬಳ್ಳಾಪುರ ಭಾಗದ ನಾಟಿ ಈರುಳ್ಳಿಯಿಂದ ಆಯ್ದು ರೂಪಿಸಿದ ತಳಿ ‘ಅರ್ಕಾ ಬಿಂದು’. ಗಡ್ಡೆಯ ಅಡ್ಡಳತೆ 2.5ರಿಂದ 3.5 ಸೆಂಟಿಮೀಟರ್, ಸುಮಾರು 100 ದಿನಕ್ಕೆ ಬೆಳೆ ಕೈಗೆ ಬರುತ್ತದೆ. ಅಕಾಲದಲ್ಲಿ ಹೂದಂಟು ಬರುವುದಿಲ್ಲ, ಗಡ್ಡೆ ಸೀಳುವುದಿಲ್ಲ. ದೂರ ಪ್ರಯಾಣಕ್ಕೆ ಇವೆರಡೂ ದೊಡ್ಡ ಗುಣ. ಹೂದಂಟು ಬಂದ ಗಡ್ಡೆಯ ಕುತ್ತಿಗೆ ದಪ್ಪವಾಗಿ ಒಣಗದೆ ಉಳಿಯುತ್ತದೆ. ಕೊಳೆ ಒಳಹೋಗುವುದು ಅಲ್ಲಿಂದಲೇ.

ಕಿತ್ತ ಈರುಳ್ಳಿಗೂ ಜೀವವಿದೆ. ಅದು ಉಸಿರಾಡುತ್ತದೆ, ಶಾಖ ಬಿಡುತ್ತದೆ, ನೀರಾವಿ ಬಿಡುತ್ತದೆ. ಗಾಳಿಯಾಡದ ಕಡೆ ತುಂಬಿದರೆ ತನ್ನ ತೇವಕ್ಕೆ ತಾನೇ ಬೂಸ್ಟು ಹಿಡಿದು ಮೊಳೆಯುತ್ತದೆ. ಅದಕ್ಕೇ ಗರಿ ಬಾಡುವವರೆಗೆ ನೆರಳಲ್ಲಿ ಹರಡಿ, ಕುತ್ತಿಗೆ ಬಿಗಿದು ಹೊರಸಿಪ್ಪೆ ಗರಿಗರಿಯಾದ ಮೇಲೆ ಗರಿ ಕೊಯ್ಯುತ್ತಾರೆ. ಪೆಟ್ಟು ಬಿದ್ದದ್ದನ್ನು, ಸೀಳಿದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಜಾಲರಿ ಚೀಲಕ್ಕೆ ತುಂಬುತ್ತಾರೆ. ಬಂಗಾಳ ಕೊಲ್ಲಿಯ ತೇವಗಾಳಿಯಲ್ಲಿ ಗಡ್ಡೆಯನ್ನು ಕಾಯುವುದು ಚೆನ್ನಾಗಿ ಒಣಗಿದ ಆ ತೆಳು ಸಿಪ್ಪೆ. ಹೊಲದಲ್ಲಿ ಅವಸರ ಮಾಡಿದರೆ ಹಡಗಿನಲ್ಲಿ ಅದನ್ನು ಸರಿಪಡಿಸಲಾಗದು.

2015ರಲ್ಲಿ ಈ ಈರುಳ್ಳಿಗೆ ಜಿಐ ಟ್ಯಾಗ್ ಸಿಕ್ಕಿತು. ಆದರೂ ದೇಶದಲ್ಲಿ ಈರುಳ್ಳಿ ಬೆಲೆ ಏರಿದಾಗಲೆಲ್ಲ ದೆಹಲಿಯ ಆದೇಶ ಇದನ್ನೂ ತಡೆಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಈರುಳ್ಳಿ ರಫ್ತು ನಿಷೇಧವಾಯಿತು. ಅಕ್ಟೋಬರ್ ಕೊನೆಗೆ 9,000 ಟನ್ ಗುಲಾಬಿ ಈರುಳ್ಳಿಗೆ ಅನುಮತಿ ಸಿಕ್ಕಿತು. 2020ರಲ್ಲೂ ಅದೇ ಕಥೆ: ಸೆಪ್ಟೆಂಬರಿನಲ್ಲಿ ನಿಷೇಧ, ಅಕ್ಟೋಬರಿನಲ್ಲಿ ಚೆನ್ನೈ ಬಂದರಿನ ಮೂಲಕವಷ್ಟೇ 10,000 ಟನ್ನಿಗೆ ಅವಕಾಶ. 2023ರ ಆಗಸ್ಟಿನಲ್ಲಿ ಶೇ 40 ರಫ್ತು ಸುಂಕ ಬಿತ್ತು. ಸೆಪ್ಟೆಂಬರ್ ಕೊನೆಗೆ ರಾಜ್ಯದ ತೋಟಗಾರಿಕಾ ಆಯುಕ್ತರ ಪ್ರಮಾಣಪತ್ರ ಇದ್ದವರಿಗೆ ವಿನಾಯಿತಿ ಬಂತು.

ಪ್ರತಿ ಬಾರಿಯೂ ವಿನಾಯಿತಿ ಬಂದಿದೆ, ಬಂದದ್ದು ತಡವಾಗಿ. ನಮ್ಮವರು ಹೆಚ್ಚು ತಿನ್ನದ ಈರುಳ್ಳಿಯನ್ನು ತಡೆಹಿಡಿದರೆ ಇಲ್ಲಿನ ಬೆಲೆ ಇಳಿಯುವುದಿಲ್ಲ. ಮೂಟೆಗಳು ಕಾಯುತ್ತಾ ಕೂತಷ್ಟು ದಿನವೂ ರೈತ ಜತನ ಮಾಡಿದ ಗುಣ ಸೋರಿಹೋಗುತ್ತದೆ. ತಳಿ ಆರಿಸುವಾಗ, ಒಣಗಿಸುವಾಗ, ಚೀಲಕ್ಕೆ ತುಂಬುವಾಗ ತೋರಿದ ಎಚ್ಚರವನ್ನು ನಿಯಮ ಬರೆಯುವವರೂ ತೋರಬೇಕು. ಗುಲಾಬಿ ಈರುಳ್ಳಿಯ ರಫ್ತು ನೀತಿ ಬಿತ್ತನೆಗೆ ಮೊದಲೇ ಪ್ರಕಟವಾಗಿ, ಕೊಯ್ಲು ಮುಗಿಯುವವರೆಗೆ ಬದಲಾಗದೆ ಉಳಿಯಲಿ. 100 ದಿನದ ಬೆಳೆಗೆ ಕೇಳುತ್ತಿರುವುದು 100 ದಿನದ ಭರವಸೆಯನ್ನಷ್ಟೇ.