ಚಳಿಗಾಲವೂ ವೃದ್ಧರ ಸಂರಕ್ಷಣೆಯೂ

ಷಡೃತುಗಳಲ್ಲಿ ಹೇಮಂತ ಶಿಶಿರಗಳು ಬಲವಂತರಿಗೆ ಮಿತ್ರರು, ವೃದ್ಧರಿಗೆ ಪರೀಕ್ಷಕರು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಋತುಚರ್ಯೆಗೆಂದೇ ಮೂರನೆಯ ಅಧ್ಯಾಯವನ್ನು ಮೀಸಲಿಟ್ಟು, ಈ ಕಾಲದಲ್ಲಿ ತೈಲಾಭ್ಯಂಗ, ಬಿಸಿನೀರು, ಬೆಚ್ಚನೆಯ ಹೊದಿಕೆ, ಸ್ನಿಗ್ಧವಾದ ಆಹಾರ ಇವುಗಳನ್ನು ವಿಧಿಸಿದ್ದಾರೆ. ವಿಧಿಯೇನೋ ಉತ್ತಮವಾದುದೇ. ಆದರೆ ಎಣ್ಣೆಗೂ ಸೌದೆಗೂ ಕಂಬಳಿಗೂ ಹಣ ಬೇಕಷ್ಟೆ. ಆ ಹಣವು ಮುಪ್ಪಿನಲ್ಲಿರುವವರಿಗೆ ಎಲ್ಲಿಂದ ಒದಗಬೇಕೆಂಬುದೇ ನಾವು ಇಲ್ಲಿ ವಿಚಾರಿಸತಕ್ಕ ವಿಷಯ.

ನಮ್ಮ ನ್ಯಾಮತಿಯು ಹಿಮ ಬೀಳುವ ಪ್ರದೇಶವಲ್ಲ. ಮಲೆನಾಡಿನ ಸೆರಗಿನಲ್ಲಿರುವ ಈ ಸೀಮೆಯಲ್ಲಿ ಡಿಸೆಂಬರ್, ಜನವರಿಗಳ ಮುಂಜಾವದಲ್ಲಿ ಉಷ್ಣಮಾನವು ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಇದೂ ಒಂದು ಚಳಿಯೇ ಎಂದು ಯುವಕರು ನಗಬಹುದು. ಆದರೆ ವಯಸ್ಸಾದಂತೆ ದೇಹವು ಶಾಖವನ್ನು ಹುಟ್ಟಿಸುವ ಶಕ್ತಿಯೂ, ಚಳಿಯನ್ನು ಬೇಗನೆ ಗುರುತಿಸುವ ಶಕ್ತಿಯೂ ಕುಗ್ಗುತ್ತವೆ. ಚರ್ಮದ ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳಿಗೂ ಉಬ್ಬಸದವರಿಗೂ ಅಪಾಯ ಹೆಚ್ಚುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಂತೂ ಹೆಂಚಿನ ಸಂದಿನಿಂದ ಗಾಳಿಯು ನೇರವಾಗಿ ಹಾಸಿಗೆಗೇ ಇಳಿಯುವುದು. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿ, ಮನೆಯಲ್ಲಿ ಮುದುಕ ಮುದುಕಿಯರಿಬ್ಬರೇ ಉಳಿದಿರುವ ಸಂಸಾರಗಳು ಈಗ ಊರೂರಿಗೂ ಇವೆ. ಇಂತಹ ಹಿರಿಯರು ಚಳಿಯೆಂದು ಬಾಯಿಬಿಟ್ಟು ಹೇಳುವುದಿಲ್ಲ. ಖರ್ಚಿಗಂಜಿ ತಣ್ಣೀರನ್ನೇ ಮೈಮೇಲೆ ಸುರಿದುಕೊಳ್ಳುತ್ತಾರೆ. ಧನುರ್ಮಾಸವೆಂದರೆ ಬೆಳಗಿನ ಜಾವದಲ್ಲೇ ಸ್ನಾನವಾಗಬೇಕೆಂಬ ನಿಷ್ಠೆ ಬೇರೆ!

ಹಿಂದೆ ಬಿಸಿನೀರಿಗೆ ಹಣದ ಲೆಕ್ಕವೇ ಇರಲಿಲ್ಲ. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ. ಒಲೆಗೆ ತೆಂಗಿನ ಗರಿ, ಮಟ್ಟೆ, ಕರಟ, ಅಡಕೆಯ ಸಿಪ್ಪೆ. ಮೆಕ್ಕೆಜೋಳದ ಬೇಸಾಯ ಹಬ್ಬಿದ ಮೇಲೆ ಕಾಳು ಬಿಡಿಸಿದ ತೆನೆಯ ಬೆಂಡೂ ಉರುವಲಾಯಿತು. ತೋಟವುಳ್ಳವರಿಗೆ ಇಂದಿಗೂ ಇದೇ ಸುಲಭವಾದ ದಾರಿ. ಆದರೆ ಸೌದೆಯನ್ನು ಹೊತ್ತು ತರಲು, ಒಡೆಯಲು, ಬಗ್ಗಿ ಒಲೆ ಊದಲು ತ್ರಾಣವಿಲ್ಲದವರ ಪಾಡೇನು? ಅವರು ವಿದ್ಯುತ್ತನ್ನೋ ಅನಿಲವನ್ನೋ ಆಶ್ರಯಿಸಬೇಕಾಗಿದೆ.

ವಿದ್ಯುತ್ತಿನ ಲೆಕ್ಕವನ್ನು ಒಮ್ಮೆ ಕುಳಿತು ಮಾಡಿದರೆ ಭಯ ತಗ್ಗುವುದು. ಇಪ್ಪತ್ತು ಡಿಗ್ರಿಯಲ್ಲಿರುವ ಇಪ್ಪತ್ತು ಲೀಟರು ನೀರನ್ನು ನಲವತ್ತು ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ಟು ಬೇಕು. 1,500 ವ್ಯಾಟ್ ಬಲದ ಕಾಯಿಸುವ ಸಲಾಕೆಗೆ ಇದು ಇಪ್ಪತ್ತು ನಿಮಿಷಗಳ ಕೆಲಸ. ಇಬ್ಬರ ಸ್ನಾನಕ್ಕೆ ದಿನಕ್ಕೆ ಒಂದು ಯೂನಿಟ್ಟು, ತಿಂಗಳಿಗೆ ಮೂವತ್ತು. ಕರ್ನಾಟಕ ಸರ್ಕಾರವು 2023ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಯಲ್ಲಿ ಇನ್ನೂರು ಯೂನಿಟ್ಟಿನವರೆಗೆ ವಿದ್ಯುತ್ತು ಉಚಿತವೆಂದು ಎಲ್ಲರೂ ಬಲ್ಲರು. ಆದರೆ ಅದರೊಳಗಿನ ಸೂಕ್ಷ್ಮವನ್ನು ಬಲ್ಲವರು ಕಡಮೆ. ಪ್ರತಿ ಮನೆಗೂ 2022–23ರ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತರಷ್ಟನ್ನು ಸೇರಿಸಿ ಮಿತಿಯನ್ನು ಗೊತ್ತುಮಾಡಿದ್ದಾರೆ. ಸರಾಸರಿಯು 48 ಯೂನಿಟ್ಟಿಗಿಂತ ಕಡಮೆಯಿದ್ದವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ಟುಗಳನ್ನೇ ಕೂಡಿಸಬೇಕೆಂದು 2024ರ ಜನವರಿಯಲ್ಲಿ ಸಚಿವ ಸಂಪುಟವು ನಿರ್ಣಯಿಸಿತು. ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. ಇನ್ನೂರನ್ನೇ ದಾಟಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು.

ಇದರ ಫಲವೇನೆಂಬುದನ್ನು ಉದಾಹರಣೆಯಿಂದ ನೋಡೋಣ. ಒಂದು ಮನೆಯ ಸರಾಸರಿ ನಲವತ್ತು. ಆದುದರಿಂದ ಮಿತಿ ಐವತ್ತು. ಹೊಸದಾಗಿ ಸಲಾಕೆ ಬಂದು ಬಳಕೆಯು ಎಪ್ಪತ್ತಕ್ಕೆ ಏರಿದರೆ, ಹೆಚ್ಚಿನ ಇಪ್ಪತ್ತು ಯೂನಿಟ್ಟಿಗೆ ಆರೇಳು ರೂಪಾಯಿಯಂತೆ 120ರಿಂದ 140 ರೂಪಾಯಿಯಾಗುವುದು. ಇದು ಸಂಧ್ಯಾಸುರಕ್ಷಾ ವೇತನದ ಹತ್ತರಲ್ಲೊಂದು ಪಾಲು! ಬಡ ವೃದ್ಧರ ಕೈ ಹಿಂಜರಿಯುವುದು ಇಲ್ಲಿಯೇ. ಇದಕ್ಕೆ ಖರ್ಚಿಲ್ಲದ ಉಪಾಯವೊಂದುಂಟು. ನಮ್ಮ ಸೀಮೆಯ ಚಳಿಗಾಲದಲ್ಲಿ ಹಗಲಿನ ಬಿಸಿಲು ಧಾರಾಳ. ಮಸಿ ಹಿಡಿದ ಪಾತ್ರೆಯಲ್ಲಿ ನೀರು ತುಂಬಿ, ಮುಚ್ಚಿ, ಅಂಗಳದಲ್ಲಿಟ್ಟು, ಮಧ್ಯಾಹ್ನದ ಮೇಲೆ ಸ್ನಾನ ಮಾಡುವುದು. ನೀರು ಮೂವತ್ತು ಡಿಗ್ರಿಗೆ ಬಂದಿದ್ದರೂ ವಿದ್ಯುತ್ತಿನ ವೆಚ್ಚ ಅರ್ಧಕ್ಕರ್ಧ ಉಳಿಯಿತು. ಮೇಲಿನ ಮನೆಯವರು ಆಗ ಕಟ್ಟಬೇಕಾದುದು ಐದೇ ಯೂನಿಟ್ಟಿನ ಹಣ. ಆಚಾರಕ್ಕೆ ಭಂಗವಾಗುವುದೆಂದು ಹಿರಿಯರು ಶಂಕಿಸಬೇಕಾಗಿಲ್ಲ; ಆತುರರಿಗೂ ವೃದ್ಧರಿಗೂ ಶಾಸ್ತ್ರಕಾರರು ಸ್ನಾನದ ವಿಷಯದಲ್ಲಿ ರಿಯಾಯಿತಿಯನ್ನು ಕೊಟ್ಟೇ ಇದ್ದಾರೆ.

ಇನ್ನು ಸಹಾಯದ ಮಾತು. ಬ್ರಿಟನ್ನಿನಲ್ಲಿ 1997ರಿಂದ ವೃದ್ಧರ ಮನೆಗಳಿಗೆ ಚಳಿಗಾಲದ ಇಂಧನಕ್ಕೆಂದೇ ಪ್ರತ್ಯೇಕ ಹಣ ಸಲ್ಲುತ್ತ ಬಂದಿದೆ. 2024ರಲ್ಲಿ ಅಲ್ಲಿನ ಸರ್ಕಾರವು ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಅದನ್ನು ಬಡತನದ ಭತ್ಯವುಳ್ಳವರಿಗೆ ಮಾತ್ರ ಸೀಮಿತಗೊಳಿಸಿತು. ಅದರಿಂದ ಎದ್ದ ಕೂಗನ್ನು ತಾಳಲಾರದೆ, 2025ರಲ್ಲಿ ವಾರ್ಷಿಕ ಆದಾಯವು 35,000 ಪೌಂಡು ಮೀರದ ವೃದ್ಧರಿಗೆಲ್ಲ ಮತ್ತೆ ವಿಸ್ತರಿಸಿತು. ನಮ್ಮಲ್ಲಿ ಚಳಿಗೆಂದು ಹೆಸರಿಟ್ಟ ಧನವಿಲ್ಲ. ಇರುವ ಯೋಜನೆಗಳನ್ನೇ ಜೋಡಿಸಿಕೊಳ್ಳಬೇಕು. 2007ರಲ್ಲಿ ಆರಂಭವಾದ ಸಂಧ್ಯಾಸುರಕ್ಷಾ ಯೋಜನೆಯಿಂದ ಅರವತ್ತೈದು ತುಂಬಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ದೊರೆಯುವಂತೆ 2021ರಲ್ಲಿ ಏರಿಸಲಾಯಿತು. 2016ರ ಉಜ್ವಲಾ ಯೋಜನೆಯ ಅನಿಲ ಸಂಪರ್ಕವಿದ್ದವರಿಗೆ 2023ರ ಅಕ್ಟೋಬರಿನಿಂದ ಸಿಲಿಂಡರೊಂದಕ್ಕೆ 300 ರೂಪಾಯಿಯ ಸಹಾಯಧನವುಂಟು. ಆದರೆ ಆ ಸಂಪರ್ಕವು ಸ್ತ್ರೀಯರ ಹೆಸರಿಗೆ ಮಾತ್ರ. ಹೆಂಡತಿಯನ್ನು ಕಳೆದುಕೊಂಡು ಒಬ್ಬಂಟಿಯಾದ ಮುದುಕನಿಗೆ ಅದು ದಕ್ಕದು. ಅಂಥವನ ನೆರೆಯವರು ಇದನ್ನು ನೆನಪಿನಲ್ಲಿಡಬೇಕು.

2017ರ ಆಯವ್ಯಯದಲ್ಲಿ ಘೋಷಿತವಾಗಿ ಹೊನ್ನಾಳಿಯಿಂದ ನ್ಯಾಮತಿಯು ಬೇರೆ ತಾಲೂಕಾದುದರಿಂದ ಕಚೇರಿಯ ದಾರಿಯೇನೋ ಹತ್ತಿರವಾಯಿತು. ಆದರೆ ಬ್ಯಾಂಕಿನ ಖಾತೆ, ಆಧಾರಿನ ಜೋಡಣೆ, ಬೆರಳಚ್ಚು ಮೂಡದ ತೊಂದರೆ ಮುಂತಾದುವುಗಳಿಂದ ವೇತನ ನಿಂತುಹೋದರೆ ಅಜ್ಜಿಯೊಬ್ಬಳು ತಾನೊಬ್ಬಳೇ ಏನು ಮಾಡಿಯಾಳು? ಓದುಬರಹ ಬಲ್ಲ ಗೃಹಸ್ಥರು ವರುಷಕ್ಕೊಂದು ದಿನ, ಕಾರ್ತಿಕ ಮುಗಿಯುವುದರೊಳಗೆ, ತಮ್ಮ ಬೀದಿಯ ವೃದ್ಧರ ಕಾಗದಪತ್ರಗಳನ್ನು ನೋಡಿಕೊಟ್ಟರೆ ಅದು ಅನ್ನದಾನಕ್ಕೆ ಸಮಾನವಾದ ಪುಣ್ಯ. ಸಂಕಟದಲ್ಲಿರುವ ಹಿರಿಯರಿಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಮಕ್ಕಳಿಗೂ ಒಂದು ಮಾತು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾನೂನಿನಲ್ಲಿ ಪೋಷಣೆಯೆಂದರೆ ಅನ್ನ, ವಸತಿ, ಚಿಕಿತ್ಸೆಗಳ ಜೊತೆಗೆ ಬಟ್ಟೆಯೂ ಸೇರಿದೆ. ಕಂಬಳಿಯನ್ನು ಕೊಡಿಸುವುದು ಹೀಗೆ ಬರಿಯ ಉಪಚಾರವಲ್ಲ, ಕರ್ತವ್ಯ. ಆದರೆ ತಾಯಿಯಾದವಳು ಮಗನ ಮೇಲೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಮುಂಚೆ ಚಳಿಯಲ್ಲಿ ನಡುಗುವುದನ್ನೇ ಆರಿಸಿಕೊಳ್ಳುವಳೆಂಬುದನ್ನು ಯಾರು ತಾನೆ ಅರಿಯರು? ಆದುದರಿಂದ ಕೇಳುವ ಮೊದಲೇ ಕೊಡತಕ್ಕದ್ದು. ಕೊಡುವಾಗಲೂ ತೆಳುವಾದ ಎರಡು ಹೊದಿಕೆಗಳಿಗಿಂತ ಚಿತ್ರದುರ್ಗ, ಚಳ್ಳಕೆರೆಯ ಕಡೆಯ ಕೈಮಗ್ಗದ ಒಂದು ಕುರಿಯುಣ್ಣೆಯ ಕಂಬಳಿ ಮೇಲು. ಅದು ಬಹುಕಾಲ ಬಾಳುತ್ತದೆ, ನೇಯ್ದವನಿಗೂ ಅನ್ನವಾಗುತ್ತದೆ.

ಕಡೆಯದಾಗಿ ಎಚ್ಚರಿಕೆಯ ಮಾತುಗಳು. ಬಾಗಿಲು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗಬಾರದು. ಅದರಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುವುದು. ಗಾಳಿಯಾಡದ ಬಚ್ಚಲಿನಲ್ಲಿ ಅನಿಲದ ಗೀಸರಿಗೂ ಇದೇ ದೋಷ. ಸಲಾಕೆ ನೀರಿನಲ್ಲಿರುವಾಗ ಕೈಯಿಟ್ಟು ಬಿಸಿ ನೋಡಬಾರದು. ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ಮುಟ್ಟಬೇಕು. ಮಧುಮೇಹದಿಂದ ಕಾಲು ಜೋಮು ಹಿಡಿದವರು ಬಿಸಿನೀರಿನ ಚೀಲವನ್ನು ನೇರವಾಗಿ ಪಾದಕ್ಕಿಡಬಾರದು, ಸುಟ್ಟುದು ತಿಳಿಯುವುದಿಲ್ಲ. ರಾತ್ರಿ ತಲೆಗೆ ಟೋಪಿ, ಕಾಲಿಗೆ ಚೀಲ, ಹಾಸಿಗೆಯ ಕೆಳಗೊಂದು ದಪ್ಪ ಕಂಬಳಿ, ಮಲಗುವ ಮುನ್ನ ಬಿಸಿಯಾದ ಗಂಜಿಯೋ ಹಾಲೋ—ಇಷ್ಟರಿಂದಲೇ ಅರ್ಧ ಚಳಿ ಹಿಂಜರಿಯುವುದು.

ಶಿವರಾತ್ರಿಯ ಹೊತ್ತಿಗೆ ಚಳಿ ತಾನಾಗಿ ಹೊರಟುಹೋಗುವುದೆಂದು ನಮ್ಮವರ ನಂಬಿಕೆ. ಅದುವರೆಗೆ ಮನೆಯ ಹಿರಿಯರನ್ನು ಬೆಚ್ಚಗಿರಿಸಲು ಬೇಕಾದುದು ದೊಡ್ಡ ಐಶ್ವರ್ಯವಲ್ಲ, ಒಂದು ಹಂಡೆ ಬಿಸಿನೀರು, ಒಂದು ಕಂಬಳಿ, “ರಾತ್ರಿ ಚಳಿಯಾಯಿತೆ?” ಎಂದು ಬೆಳಗ್ಗೆ ವಿಚಾರಿಸುವ ಒಂದು ಬಾಯಿ. ಈ ಮೂರಕ್ಕೂ ಕೊರತೆಯಿಲ್ಲದ ಮನೆಗಳು ನಮ್ಮ ನಾಡಿನಲ್ಲಿ ಹೆಚ್ಚಲೆಂದು ಹಾರೈಸುತ್ತೇವೆ.